ಎರವಲು ಕೋಡಿಗೆ ಪದ ಬೇಕೇ, ಚಿಹ್ನೆ ಸಾಕೇ?

ಪರ: ಪದವೇ ಬೇಕು

ಪೋಲಾಳ್ವ ದಂಡನಾಥ 1224ರಲ್ಲಿ ಕಟ್ಟಿಸಿದ ಹರಿಹರದ ಗುಡಿಯಲ್ಲಿ ದೇವರ ಮುಂದೆ ನಿಂತವರು ಅರ್ಚಕರನ್ನು ಏನೂ ಕೇಳಬೇಕಿಲ್ಲ. ಬಲಭಾಗ ಹರ, ಎಡಭಾಗ ಹರಿ. ಎರಡು ಕಡೆಯಿಂದ ಎರವಲು ತಂದು ಪ್ರೋಗ್ರಾಂನಲ್ಲಿ ಒಂದು ಕ್ಲಾಸ್ ಕಟ್ಟುವಾಗಲೂ ನನಗೆ ಬೇಕಾದ್ದು ಇಷ್ಟೇ: ಯಾವುದು ಎಲ್ಲಿಂದ ಬಂತು ಅಂತ ಓದಿದ ಕೂಡಲೇ ತಿಳಿಯಬೇಕು.

ಪಿಎಚ್‌ಪಿ ಭಾಷೆ ನೋಡಿ. ಹೆಸರು ಕೇಳಿದರೆ ಮೂಗು ಮುರಿಯುವವರೇ ಹೆಚ್ಚು. ಆದರೆ 2012ರಲ್ಲಿ, 5.4ನೇ ಆವೃತ್ತಿಗೆ ಟ್ರೇಟ್ (ಕ್ಲಾಸ್‌ಗಳು ಎರವಲು ಪಡೆಯಬಹುದಾದ ಮೆಥಡ್‌ಗಳ ಕಟ್ಟು) ತಂದಾಗ ಅದು ಮರ್ಯಾದಸ್ಥ ಕೆಲಸ ಮಾಡಿತು. ಎರಡು ಟ್ರೇಟ್‌ಗಳಿಂದ ಒಂದೇ ಹೆಸರಿನ ಮೆಥಡ್ ಬಂದರೆ ಪ್ರೋಗ್ರಾಂ ಓಡುವುದೇ ಇಲ್ಲ. ‘ಇನ್‌ಸ್ಟೆಡ್‌ಆಫ್’ ಎಂದು ಬರೆದು, ಅದರ ಬದಲು ಇದು ಅಂತ ನೀವೇ ತೀರ್ಪು ಕೊಡಬೇಕು. ಪೈಥಾನ್‌ನಲ್ಲಿ? ಆವರಣದೊಳಗೆ ಎರಡು ಹೆಸರು, ನಡುವೆ ಒಂದು ಅಲ್ಪವಿರಾಮ. ಸಾಮಾನ್ಯವಾಗಿ ಮೊದಲು ಬರೆದದ್ದು ಗೆಲ್ಲುತ್ತದೆ. ಹೆಸರು ಅದಲುಬದಲಾದರೆ ಪ್ರೋಗ್ರಾಂ ತುಟಿಪಿಟಕ್ಕೆನ್ನದೆ ಬೇರೆಯದೇ ಕೆಲಸ ಮಾಡುತ್ತದೆ. ಸಿ++ನಲ್ಲಿ ಕ್ಲಾಸ್ ಬರೆಯುವಾಗ ಕೋಲನ್ ಆದಮೇಲೆ ‘ಪಬ್ಲಿಕ್’ ಮರೆತಿರೋ, ಇನ್‌ಹೆರಿಟೆನ್ಸ್ ಸದ್ದಿಲ್ಲದೆ ಪ್ರೈವೇಟ್ ಆಗಿರುತ್ತದೆ. ಈ ಎರಡು ಚುಕ್ಕಿಗಳ ಮುಂದೆ ತಲೆ ಕೆರೆದುಕೊಳ್ಳುತ್ತಾ ಕೂತ ಹುಡುಗರನ್ನು ದಾವಣಗೆರೆಯ ಲ್ಯಾಬಿನಲ್ಲಿ ನೋಡಿ ನೋಡಿ ನನಗೆ ಸಾಕಾಗಿದೆ.

ಹೆಚ್ಚು ಟೈಪ್ ಮಾಡಬೇಕಲ್ಲ ಎನ್ನುವವರಿಗೆ: ಎರಡಕ್ಷರ ಒತ್ತಿದರೆ ಉಳಿದದ್ದನ್ನು ಎಡಿಟರೇ ತುಂಬುತ್ತದೆ. ಪಿಎಚ್‌ಪಿಯ ‘ಯೂಸ್’ ಪದಕ್ಕೇ ಮೂರು ಅರ್ಥ ಇದೆಯಲ್ಲ ಎಂದರೆ, ಹೌದು, ಇದೆ. ಅದು ಪದದ ತಪ್ಪಲ್ಲ, ಆರಿಸಿದವರ ಜಿಪುಣತನ.

ವಿರೋಧ: ಚಿಹ್ನೆ ಸಾಕು

ಸಂಪಾದಕರು ನಿನ್ನೆ ಸಂಜೆ ಕೇಳಿದ್ದರಿಂದ ನಾಲ್ಕೇ ಮಾತು. ಒಂದು, ಇನ್‌ಹೆರಿಟೆನ್ಸ್‌ಗೆ ಬಳಸುವ ‘ಎಕ್ಸ್‌ಟೆಂಡ್ಸ್’ ಎನ್ನುವುದು ಗುತ್ತೂರಿನ ಕನ್ನಡ ಮಾಧ್ಯಮದ ಹುಡುಗಿಗೆ ಪದವಲ್ಲ, ಏಳು ಅಕ್ಷರದ ಚಿಹ್ನೆ. ಕೋಲನ್ ಆದರೆ ಅವಳಿಗೂ ಕಾನ್ವೆಂಟಿನವಳಿಗೂ ಒಂದೇ.

ಎರಡು, ಚಿಕ್ಕದು ನೆನಪಿನಲ್ಲಿ ನಿಲ್ಲುತ್ತದೆ. ಸಂಸ್ಕೃತ ವ್ಯಾಕರಣ ಬರೆದ ಪಾಣಿನಿ ಹಿಂದಿನ ಸೂತ್ರದ ಪದವನ್ನು ಮುಂದಿನದರಲ್ಲಿ ಮತ್ತೆ ಹೇಳಲಿಲ್ಲ. ಅನುವೃತ್ತಿಯಿಂದ ಅದು ತಾನೇ ಇಳಿದು ಬರುತ್ತದೆ. ಸುಮಾರು 4000 ಸೂತ್ರ ಬಾಯಿಪಾಠಕ್ಕೆ ಒಗ್ಗಿದ್ದು ಹೀಗೆ. 1604ರಲ್ಲಿ ಭಟ್ಟಾಕಳಂಕ ಕನ್ನಡ ವ್ಯಾಕರಣವನ್ನೂ ಸೂತ್ರಗಳಲ್ಲೇ ಕಟ್ಟಿದ. (ಅದಕ್ಕೆ ವೃತ್ತಿ, ವ್ಯಾಖ್ಯಾನ ಎರಡನ್ನೂ ಅವನೇ ಬರೆಯಬೇಕಾಯಿತು, ನಿಜ.)

ಮೂರು, ಗೋ ಭಾಷೆಯಲ್ಲಿ ಚಿಹ್ನೆಯೂ ಇಲ್ಲ. ಸ್ಟ್ರಕ್ಟ್ ಒಳಗೆ ಇನ್ನೊಂದು ಟೈಪಿನ ಹೆಸರು ಬರೆದರಾಯಿತು, ಅದರ ಮೆಥಡ್‌ಗಳು ಕೈಗೆ ಬಂದವು. ಡಾಕರ್, ಕುಬರ್ನೆಟೀಸ್ ಎರಡನ್ನೂ ಬರೆದದ್ದು ಅದರಲ್ಲೇ.

ನಾಲ್ಕು, ಸಿ ಶಾರ್ಪ್‌ನಲ್ಲಿ ಕ್ಲಾಸಿಗೂ ಇಂಟರ್‌ಫೇಸಿಗೂ ಒಂದೇ ಕೋಲನ್. ಗೊಂದಲವಾಗದಿರಲಿ ಅಂತ ಇಂಟರ್‌ಫೇಸ್ ಹೆಸರಿನ ಮುಂದೆ ‘ಐ’ ಸೇರಿಸುವ ರೂಢಿ ಇದೆ. ಕೋಲನ್ ಬಾಯಿ ಬಿಡದ್ದಕ್ಕೇ ‘ಐ’ ಬೇಕಾಯಿತು ಎಂದು ಎದುರಿನವರು ಹೇಳಬಹುದು. ಹೇಳಲಿ. ನನ್ನ ಸಿ++ ಫೈಲುಗಳಲ್ಲಿ ಕೋಲನ್ ಪಕ್ಕ ಒಂದು ಸಾಲು ಟಿಪ್ಪಣಿ ಇರುತ್ತದೆ. ಅದು ಅಭ್ಯಾಸ, ಅಷ್ಟೇ.