‘ಪ್ಲಸ್ 3’ ಹಾಕಿದ್ರೆ ಥರ್ಮೋಕಪಲ್ ರಿಪೇರಿ ಆಗಲ್ಲ

ಲ್ಯಾಬ್ ಸರಣಿ, ಭಾಗ 6. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

ಪ್ರಾಜೆಕ್ಟ್ ಸೀಸನ್ ಬಂತು, ‘ಥರ್ಮೋಕಪಲ್ ತಪ್ಪು ತೋರಿಸ್ತಿದೆ’ ಅನ್ನೋ ಮೆಸೇಜ್‌ಗಳೂ ಶುರುವಾದವು. ಎಷ್ಟೋ ಜನ ಕಂಡುಕೊಂಡಿರೋ ಮದ್ದು ಒಂದೇ. ಕುದಿಯೋ ನೀರಿಗೆ ಅದ್ದೋದು, 97 ಬಂದ್ರೆ ಕೋಡ್‌ನಲ್ಲಿ ‘ಪ್ಲಸ್ 3’ ಸೇರಿಸೋದು. ಸ್ಕ್ರೀನ್ ಮೇಲೆ 100, ವೈವಾ ಮುಗೀತು. ನಾನಂತೂ ಇದನ್ನ ಕ್ಯಾಲಿಬ್ರೇಶನ್ ಅಂತ ಒಪ್ಪಲ್ಲ. ಇದು ಡೇಟಾ ತಿದ್ದೋದು.

ಅದೂ ಬೆಂಗಳೂರಲ್ಲಿ ಕೂತು! ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ 97ರ ಆಸುಪಾಸಿನಲ್ಲಿ. ಸೆನ್ಸರ್ ನಿಜಾನೇ ಹೇಳ್ತು, ನೀವು ಅದರ ಬಾಯಿ ಮುಚ್ಚಿಸಿದ್ರಿ. ಮಂಗಳೂರಿನವರು 100 ನಿರೀಕ್ಷಿಸಬಹುದು, ತಪ್ಪಿಲ್ಲ.

ಒಂದು ವಿಷಯ ತಲೇಲಿ ಕೂತರೆ ಉಳಿದದ್ದು ಸುಲಭ. ಥರ್ಮೋಕಪಲ್ ನೇರವಾಗಿ ತಾಪ ಅಳೆಯಲ್ಲ, ಎರಡು ತುದಿಗಳ ತಾಪದ ವ್ಯತ್ಯಾಸಕ್ಕೆ ತಕ್ಕ ಹಾಗೆ ವೋಲ್ಟೇಜ್ ಕೊಡುತ್ತೆ. ಕೆ ಟೈಪ್‌ನಲ್ಲಿ ಅದು ಡಿಗ್ರಿಗೆ ಬರೀ 41 ಮೈಕ್ರೊವೋಲ್ಟ್ ಅಷ್ಟೆ. ಇನ್ನೊಂದು ತುದಿ, ಅಂದ್ರೆ ಡ್ಯಾಕ್‌ನ ಟರ್ಮಿನಲ್, ಎಷ್ಟು ಬಿಸಿ ಇದೆ ಅಂತ ಡ್ಯಾಕ್ ತಾನೇ ಬೇರೆ ಸೆನ್ಸರ್‌ನಿಂದ ನೋಡಿ ಕೂಡಿಸ್ಕೊಳ್ಳುತ್ತೆ. ಇದೇ ಕೋಲ್ಡ್ ಜಂಕ್ಷನ್ ಕಾಂಪೆನ್ಸೇಶನ್.

ಈಗ ಇ-ಸ್ಕೂಟರ್ ಬ್ಯಾಟರಿ ಪ್ರಾಜೆಕ್ಟ್ ತಗೊಳ್ಳಿ. ಥರ್ಮೋಕಪಲ್ ವೈರ್ ಸಾಲಲಿಲ್ಲ, ಪ್ಯಾಕ್ ಪಕ್ಕದ ಡಬ್ಬಿಯಿಂದ ಡ್ಯಾಕ್‌ವರೆಗೆ ಮಾಮೂಲಿ ತಾಮ್ರದ ವೈರ್ ಎಳೆದ್ರಿ. ಬೆಳಿಗ್ಗೆ ಡಬ್ಬಿನೂ 28, ಡ್ಯಾಕ್ ಕೂಡ 28. ರೀಡಿಂಗ್ ಪಕ್ಕಾ ಸರಿ. ಟೆಸ್ಟ್ ಶುರುವಾಗಿ ಡಬ್ಬಿ 45ಕ್ಕೆ ಏರ್ತು ಅಂದ್ಕೊಳ್ಳಿ. ಆ 17 ಡಿಗ್ರಿಯ ವ್ಯತ್ಯಾಸ ತಾಮ್ರದಲ್ಲಿ ಕಳೆದುಹೋಯ್ತು. ಸೆಲ್ 60 ಇದ್ರೆ ಸ್ಕ್ರೀನ್ ಮೇಲೆ 43. ಕಟ್-ಆಫ್ 55ಕ್ಕೆ ಇಟ್ಟಿದ್ರಿ ಅಲ್ವಾ? ಅದು ಬೀಳೋದೇ ಇಲ್ಲ. ಇಲ್ಲಿ ಯಾವ ಆಫ್‌ಸೆಟ್ ಹಾಕ್ತೀರಾ ಹೇಳಿ. ತಣ್ಣಗಿದ್ದಾಗ ಸೊನ್ನೆ, ಬಿಸಿಯಾದಾಗ 17, ಮಧ್ಯದಲ್ಲಿ ಇನ್ನೇನೋ. ಓಡಾಡೋ ತಪ್ಪಿಗೆ ನಿಂತಲ್ಲೇ ನಿಲ್ಲೋ ನಂಬರ್ ಮದ್ದಾಗಲ್ಲ. ಕೆ ಟೈಪ್‌ಗೆ ಕೆ ಎಕ್ಸ್‌ಟೆನ್ಶನ್ ವೈರೇ ಬೇಕು, ಕನೆಕ್ಟರ್ ಕೂಡ ಅದೇ ಟೈಪ್. ದುಡ್ಡು ಜಾಸ್ತಿ, ಗೊತ್ತು. ಡ್ಯಾಕನ್ನೇ ಹತ್ರ ತಂದಿಡಿ ಹಾಗಾದ್ರೆ.

ಹುಡುಕೋದು ಡ್ಯಾಕ್ ತುದಿಯಿಂದ ಶುರುವಾಗಲಿ. ಥರ್ಮೋಕಪಲ್ ಬಿಚ್ಚಿ, ಆ ಚಾನೆಲ್‌ನ ಪ್ಲಸ್-ಮೈನಸ್ ಮಧ್ಯೆ ತುಂಡು ತಾಮ್ರದ ತಂತಿ ಹಾಕಿ. ಟರ್ಮಿನಲ್‌ನ ತಾಪ ಬರಬೇಕು. ಬಂದ್ರೆ ಬಹುಪಾಲು ತೊಂದರೆ ವೈರ್ ಕಡೆಗಿದೆ, ಬರದಿದ್ರೆ ಡ್ಯಾಕ್ ಅಥವಾ ಅದರ ಸೆಟ್ಟಿಂಗ್. ಚಾನೆಲ್ ಜೆ ಟೈಪ್‌ಗೆ ಸೆಟ್ ಆಗಿಲ್ಲ ತಾನೇ ಅಂತ ಬೇರೆಯಾಗಿ ನೋಡಿ, ಈ ತಂತಿ ಪರೀಕ್ಷೆಯಲ್ಲಿ ಅದು ಗೊತ್ತಾಗಲ್ಲ.

ಆಮೇಲೆ ಬಣ್ಣ. ಅಮೆರಿಕದ ಪದ್ಧತಿಯ ವೈರ್‌ನಲ್ಲಿ ಕೆಂಪು ಮೈನಸ್! ಕೈ ಅಭ್ಯಾಸಕ್ಕೆ ಕೆಂಪನ್ನ ಪ್ಲಸ್‌ಗೆ ಹಾಕಿದ್ರೆ, ಬಿಸಿ ಮಾಡಿದಷ್ಟೂ ರೀಡಿಂಗ್ ಇಳಿಯುತ್ತೆ. ಅದಾದ್ರೂ ಪುಣ್ಯ, ತಕ್ಷಣ ಗೊತ್ತಾಗುತ್ತೆ. ಎಕ್ಸ್‌ಟೆನ್ಶನ್‌ನ ಎರಡೂ ತುದಿ ಉಲ್ಟಾ ಆದ್ರೆ ರೀಡಿಂಗ್ ಸರಿಯಾಗಿ ಏರ್ತಾನೇ ಇರುತ್ತೆ, ಬೆಲೆ ಮಾತ್ರ ಸುಳ್ಳು. ಮೇಲಿನ ಬ್ಯಾಟರಿ ಲೆಕ್ಕದಲ್ಲಿ 34 ಡಿಗ್ರಿ ಕಮ್ಮಿ. ಅನುಮಾನ ಇದ್ರೆ ಮ್ಯಾಗ್ನೆಟ್ ಹಿಡಿರಿ, ಕೆ ಟೈಪ್‌ನಲ್ಲಿ ಅಂಟೋದು ಮೈನಸ್ ತಂತಿ.

ಮ್ಯಾಕ್ಸ್ 6675 ಮಾಡ್ಯೂಲ್ ಬಳಸೋರು ಸೆಕೆಂಡಿಗೆ ಹತ್ತು ಸಲ ಓದಬೇಡಿ. ಒಂದು ಕನ್ವರ್ಷನ್‌ಗೆ 0.22 ಸೆಕೆಂಡ್‌ವರೆಗೂ ಬೇಕು, ಮಧ್ಯೆ ಕೇಳಿದ್ರೆ ಅದು ನಿಂತುಹೋಗುತ್ತೆ, ಹಳೇ ನಂಬರೇ ಬರ್ತಿರುತ್ತೆ. ಮೋಟಾರ್ ಆನ್ ಮಾಡಿದಾಗ ಮಾತ್ರ ಕುಣಿದ್ರೆ ಗ್ರೌಂಡ್ ಲೂಪ್ ಅಥವಾ ನಾಯ್ಸ್ ನೋಡಿ.

ಆಫ್‌ಸೆಟ್ ಹಾಕಲೇಬಾರದು ಅಂತ ನಾನು ಹೇಳ್ತಿಲ್ಲ. ಇಷ್ಟೆಲ್ಲ ನೋಡಿದ ಮೇಲೆ, ಐಸ್ ಕರಗ್ತಿರೋ ನೀರಲ್ಲೂ ಕುದಿಯೋ ನೀರಲ್ಲೂ ಒಂದೇ ವ್ಯತ್ಯಾಸ ಬಂದ್ರೆ ಹಾಕಿ, ಯಾಕೆ ಅಂತ ರೆಕಾರ್ಡ್‌ನಲ್ಲಿ ಬರೀರಿ. ಸ್ಟ್ಯಾಂಡರ್ಡ್ ಕೆ ಟೈಪ್‌ಗೆ 2.2 ಡಿಗ್ರಿ ಆಚೀಚೆ ಅನುಮತಿನೇ ಇದೆ, ಎರಡು ಸೆನ್ಸರ್ ಒಂದು ಡಿಗ್ರಿ ಬೇರೆ ಹೇಳಿದ್ರೆ ಗಾಬರಿ ಬೇಡ.

ನಿಮ್ಮ ಕೋಡನ್ನ ಮುಂದಿನ ಬ್ಯಾಚ್‌ನವರು ಎತ್ಕೋತಾರೆ, ಗೊತ್ತಲ್ಲ, ಆ ‘ಪ್ಲಸ್ 3’ ಸಮೇತ. ಅವರ ಪ್ಯಾಕ್ ಬೇರೆ, ವೈರ್ ಬೇರೆ, ಕಟ್-ಆಫ್ ಮಾತ್ರ ನಿಮ್ಮದೇ. ಇವತ್ತೇ ಫೈಲ್ ತೆಗೆದು ನೋಡಿ. ಯಾರು ಹಾಕಿದ್ದು, ಯಾಕೆ ಹಾಕಿದ್ದು ಅಂತ ಬರೆದಿಲ್ಲದ ಆಫ್‌ಸೆಟ್ ಇದ್ರೆ ಅಳಿಸಿ, ಐಸ್ ನೀರಿಂದ ಮತ್ತೆ ಶುರು ಮಾಡಿ. ಏನು ಸಿಕ್ತು ಅಂತ ಕಾಮೆಂಟ್‌ನಲ್ಲಿ ಹೇಳಿ, ಊರಿನ ಹೆಸರು ಸಮೇತ.