ನಿಂಬೆಹಣ್ಣಿನ ಪಾನಕ

ಬೇಸಗೆಯ ಮಧ್ಯಾಹ್ನ ಬಿಸಿಲಿನಲ್ಲಿ ನಡೆದು ಬಂದವರಿಗೆ ಕಾಫಿಗಿಂತ ಮೊದಲು ಬೇಕಾಗುವುದು ಒಂದು ಲೋಟ ತಣ್ಣನೆಯ ಪಾನಕ. ಅದರ ಸಾಮಗ್ರಿಗಳು ಎಲ್ಲರ ಮನೆಯಲ್ಲಿಯೂ ಉಂಟು. ಆದರೂ ಎಷ್ಟೋ ವೇಳೆ ಪಾನಕವು ಕಹಿಯಾಗುತ್ತದೆ. ದೋಷವು ಹಣ್ಣಿನದಲ್ಲ, ಬಹುಮಟ್ಟಿಗೆ ಹಿಂಡುವ ಕೈಯದು.

4 ಲೋಟ ನೀರಿಗೆ 2 ನಿಂಬೆಹಣ್ಣು, 8 ಚಹಾ ಚಮಚ ಸಕ್ಕರೆ, 2 ಏಲಕ್ಕಿ, ಒಂದು ಚಿಟಿಕೆ ಉಪ್ಪು, ಇಷ್ಟೇ ಸಾಕು. ಬೆವರಿನೊಡನೆ ದೇಹದಿಂದ ನೀರಷ್ಟೇ ಅಲ್ಲದೆ ಉಪ್ಪೂ ಹೊರಹೋಗುವುದರಿಂದ ಆ ಚಿಟಿಕೆಯನ್ನು ಮರೆಯಲಾಗದು. ತೆಳುಸಿಪ್ಪೆಯ, ಹಳದಿಗೆ ತಿರುಗಿದ, ಕೈಗೆ ಭಾರವೆನಿಸುವ ಹಣ್ಣಿನಲ್ಲಿ ರಸ ಹೆಚ್ಚು.

ಮೊದಲು ಸಕ್ಕರೆಯನ್ನೂ ಉಪ್ಪನ್ನೂ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ ತೆಳುಬಟ್ಟೆಯಲ್ಲಿ ಶೋಧಿಸಬೇಕು. ಕಾಯಿಸಿ ಆರಿಸಿ, ಲಾವಂಚದ ಬೇರಿನೊಡನೆ ಹೂಜಿಯಲ್ಲಿಟ್ಟ ನೀರಾದರೆ ಪರಿಮಳವೂ ಕೂಡುತ್ತದೆ. ಬಳಿಕ ಏಲಕ್ಕಿಯನ್ನು ಪುಡಿಮಾಡಿ ಬೆರೆಸಬೇಕು. ಹಣ್ಣನ್ನು ಮಣೆಯ ಮೇಲಿಟ್ಟು ಅಂಗೈಯಿಂದ ಮೆಲ್ಲನೆ ಹೊರಳಿಸಿ, ಅಡ್ಡಲಾಗಿ ಕೊಯ್ದು, ಬೀಜಗಳನ್ನು ತೆಗೆದು ಹಗುರವಾಗಿ ಹಿಂಡಬೇಕು. ಕೊನೆಯ ಹನಿಯ ಆಸೆಗಾಗಿ ಹೋಳನ್ನು ತಿರುಚಿದರೆ ಸಿಪ್ಪೆಯ ಕಹಿಯೂ ಪಾನಕಕ್ಕೆ ಇಳಿಯುತ್ತದೆ.

ಪಾತ್ರೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನು ಇಡಲಾಗದು. ಲೋಹವು ಹುಳಿಗೆ ಕರಗಿ ಪಾನಕದೊಡನೆ ಹೊಟ್ಟೆಯನ್ನು ಸೇರುತ್ತದೆ. ಗಾಜು, ಪಿಂಗಾಣಿ, ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳು ನಿರಪಾಯಕರ.

ಇನ್ನು, ರಸವನ್ನು ಬೆಳಗ್ಗೆಯೇ ಹಿಂಡಿಡುವ ಅಭ್ಯಾಸ. ಹೊಸ ರಸಕ್ಕೂ ಹಳೆಯ ರಸಕ್ಕೂ ಇರುವ ಅಂತರಕ್ಕಾಗಿ ನಾವಿಕರು ಹಿಂದೆ ದೊಡ್ಡ ಬೆಲೆಯನ್ನೇ ತೆತ್ತರು. ಒಸಡು ಕೊಳೆತು ಪ್ರಾಣವನ್ನೇ ಕಳೆಯುವ ಸ್ಕರ್ವಿ ರೋಗಕ್ಕೆ ಕಿತ್ತಳೆ, ಲೆಮನ್ ಹಣ್ಣುಗಳು ಮದ್ದೆಂಬುದನ್ನು ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡನು 1747ರಲ್ಲಿ 12 ಮಂದಿ ರೋಗಿಗಳ ಮೇಲೆ ಪ್ರಯೋಗ ನಡೆಸಿ ಕಂಡನು. 1795ರಿಂದ ಹಡಗುಗಳಲ್ಲಿ ಲೆಮನ್ ರಸವನ್ನು ಹಂಚಲಾಯಿತು. ಮುಂದಿನ ಶತಮಾನದಲ್ಲಿ ಅದರ ಬದಲಾಗಿ ವೆಸ್ಟ್ ಇಂಡೀಸಿನ ನಿಂಬೆಯ ರಸ ಬಂದಿತು. ಗಾಳಿ, ಬೆಳಕು ಮತ್ತು ತಾಮ್ರದ ಕೊಳವೆಗಳ ಸಂಪರ್ಕದಿಂದ ಅದರ ಸತ್ವ ಕುಂದಿ, ರಸವಿದ್ದೂ ರೋಗವನ್ನು ತಡೆಯಲಾಗಲಿಲ್ಲ. ಹಾಗೆ ನಶಿಸಿದುದು ‘ಸಿ’ ಜೀವಸತ್ವವೆಂಬುದು ವಿಜ್ಞಾನಿಗಳಿಗೆ ತಿಳಿದದ್ದು 1930ರ ದಶಕದಲ್ಲಿ.

ಮನೆಯ ಪಾನಕವು ಹಡಗನ್ನೇರಬೇಕಾಗಿಲ್ಲ. ಕೆಲವು ಗಂಟೆಗಳಲ್ಲಿ ಸತ್ವವೆಲ್ಲವೂ ಹೋಗದು, ಆದರೆ ರುಚಿ ಕೆಡುವುದಂತೂ ನಿಶ್ಚಯ. ಹತ್ತಾರು ಮಂದಿ ಸೇರುವ ದಿನ ಸಿಹಿನೀರನ್ನು ಮುಂಚಿತವಾಗಿಯೇ ಸಿದ್ಧಪಡಿಸಿಡಬಹುದು. ಹಣ್ಣನ್ನು ಮಾತ್ರ, ಬಂದವರು ಕುಳಿತ ಮೇಲೆಯೇ ಕೊಯ್ಯತಕ್ಕದ್ದು.