ಲೆಕ್ಕಕ್ಕೆ ಸಿಕ್ಕ ಕೋವಿ, ಲೆಕ್ಕಕ್ಕೆ ಸಿಗದ ಕೋವಿ

ಚುನಾವಣೆಯ ದಿನಾಂಕ ಪ್ರಕಟವಾದೊಡನೆ ಕಳಸ, ಮೂಡಿಗೆರೆ, ಕೊಪ್ಪ ಸೀಮೆಯ ಕೃಷಿಕರು ತಮ್ಮ ಪರವಾನಗಿಯ ಕೋವಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಪೊಲೀಸ್ ಠಾಣೆಯ ಹಾದಿ ಹಿಡಿಯುವುದು ಬಹುಕಾಲದ ವಾಡಿಕೆ. 2020ರ ಗ್ರಾಮ ಪಂಚಾಯಿತಿ ಚುನಾವಣೆ ಡಿಸೆಂಬರ್ ತಿಂಗಳಲ್ಲಿ, ಗದ್ದೆಯಲ್ಲಿ ಬತ್ತ ಮಾಗಿ ಕೊಯ್ಲಾಗುವ ಹೊತ್ತಿನಲ್ಲೇ ನಡೆಯಿತು. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಂದು ಜಾರಿಗೆ ಬಂದು ಜೂನ್ ಮೊದಲ ವಾರದವರೆಗೆ ಮುಂದುವರಿಯಿತು. ಹಂದಿ, ಮಂಗಗಳಿಗೆ ನೀತಿಸಂಹಿತೆಯಿಲ್ಲ. ಆದುದರಿಂದ ಕೋವಿಯ ಮೇಲೆ ಹೊಸ ನಿರ್ಬಂಧದ ಸುದ್ದಿ ಬಂದಾಗಲೆಲ್ಲ ನಮ್ಮ ಊರುಗಳಲ್ಲಿ ಮೊದಲು ಹುಟ್ಟುವುದು ಸಂಶಯ.

ಕಾಡಿನ ಪರವಾಗಿ ಮಾತನಾಡುವ ಈ ಪತ್ರಿಕೆ ಕೋವಿ ಹಿಡಿದವರ ಸಂಶಯಕ್ಕೆ ಕಿವಿಗೊಡುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಆದರೆ ಆ ಸಂಶಯಕ್ಕೆ ಕಾರಣಗಳಿವೆ. 2019ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಮಂಡಿಸಿದ ಆಯುಧ ತಿದ್ದುಪಡಿ ಮಸೂದೆ, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಒಂದಕ್ಕೆ ಇಳಿಸಲು ಹೊರಟಿತ್ತು. ವಿರೋಧ ಬಂದ ಮೇಲೆ ಅದು ಎರಡಾಯಿತು; ಹೆಚ್ಚುವರಿ ಕೋವಿಯನ್ನು ಒಂದು ವರ್ಷದೊಳಗೆ ಒಪ್ಪಿಸಬೇಕೆಂದಾಯಿತು. ಅಜ್ಜನ ಕಾಲದ ಕೇಪಿನ ಕೋವಿಯನ್ನು ನೆನಪಿಗೆಂದು ಇಟ್ಟುಕೊಂಡಿದ್ದ ಮನೆಗಳಲ್ಲಿ ಆಗ ಕೇಳಿದ ಪ್ರಶ್ನೆ ಒಂದೇ: ‘ಅಪರಾಧ ಮಾಡುವವನು ಪರವಾನಗಿ ಪಡೆದು ಮಾಡುತ್ತಾನೆಯೆ?’

ಕುದುರೆಮುಖದ ಸುತ್ತಲಿನವರಿಗೆ ಇನ್ನೊಂದು ಕಟ್ಟಳೆಯೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನಂತೆ ರಾಷ್ಟ್ರೀಯ ಉದ್ಯಾನದ ಹತ್ತು ಕಿಲೋಮೀಟರಿನೊಳಗೆ ವಾಸಿಸುವ ಕೋವಿಧಾರಿ ತನ್ನ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಆ ಪರಿಧಿಯಲ್ಲಿ ಹೊಸ ಪರವಾನಗಿ ನೀಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಪೂರ್ವಸಮ್ಮತಿ ಬೇಕು. ಉದ್ಯಾನ ಘೋಷಣೆಯಾದಂದಿನಿಂದ ಒಕ್ಕಲೆಬ್ಬಿಸುವ ಭಯದಲ್ಲೇ ಬಾಳಿದ ಜನ ಇಂತಹ ಪ್ರತಿಯೊಂದು ಕಟ್ಟಳೆಯನ್ನೂ ತಮ್ಮನ್ನು ಹೊರದೂಡುವ ಮತ್ತೊಂದು ಹೆಜ್ಜೆಯೆಂದು ಭಾವಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅವರ ವಾದದಲ್ಲಿ ಹುರುಳಿದೆಯೆಂಬುದನ್ನು ನಮ್ಮ ಬೆಟ್ಟಗಳ ಇತ್ತೀಚಿನ ಚರಿತ್ರೆಯೇ ಹೇಳುತ್ತದೆ. 2003ರ ನವೆಂಬರಿನಲ್ಲಿ ಈದುವಿನಲ್ಲಿ ಗುಂಡು ಹಾರಿದಂದಿನಿಂದ, 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾಗುವವರೆಗೆ, ಈ ಕಾಡುಗಳಲ್ಲಿ ನಕ್ಸಲರ ಕೈಯಲ್ಲಿ ಓಡಾಡಿದ ಆಯುಧಗಳಿಗೆ ಯಾವ ಪರವಾನಗಿಯೂ ಇರಲಿಲ್ಲ. ಶರಣಾದವರ ಆಯುಧಗಳು ಅನಂತರ ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ ಪತ್ತೆಯಾದವು. ಕಳ್ಳಬೇಟೆಯ ನಾಡಕೋವಿ, ಬೇಲಿಯಂಚಿನ ಉರುಳು, ಸಿಡಿಮದ್ದಿನ ಉಂಡೆ ಇವೂ ಯಾವ ದಫ್ತರಿನಲ್ಲಿಯೂ ನಮೂದಾಗಿಲ್ಲ. ಲೆಕ್ಕಕ್ಕೆ ಸಿಕ್ಕ ಕೋವಿಯನ್ನು ಪದೇ ಪದೇ ಎಣಿಸುವುದು ಸುಲಭ. ಸಿಗದ ಕೋವಿಯನ್ನು ಹುಡುಕುವುದು ಕಷ್ಟ. ಆಡಳಿತ ಸುಲಭವಾದುದನ್ನೇ ಮಾಡುತ್ತಾ ಬಂದಿದೆ.

ಆದರೆ ಇಷ್ಟಕ್ಕೇ ಮಾತು ನಿಲ್ಲಿಸಿದರೆ ನಾವು ನಮಗೇ ಸುಳ್ಳು ಹೇಳಿಕೊಂಡಂತಾಗುತ್ತದೆ. ಬೆಳೆ ರಕ್ಷಣೆಯ ಹೆಸರಿನಲ್ಲಿ ಪಡೆದ ಕೋವಿ ರಾತ್ರಿ ಗದ್ದೆಯಂಚನ್ನು ದಾಟಿ ಕಾಡಿನೊಳಗೆ ಹೋಗುವುದಿಲ್ಲವೆ? ಹಂದಿಯೆಂದು ಬಗೆದು ಜೊತೆಗಾರನಿಗೇ ಈಡು ಹೊಡೆದ ಸುದ್ದಿಗಳನ್ನು ಮಲೆನಾಡು ಮತ್ತೆ ಮತ್ತೆ ಕೇಳಿಲ್ಲವೆ? ಕೋವಿಗೆ ಪರವಾನಗಿ ಇದ್ದ ಮಾತ್ರಕ್ಕೆ ಹಂದಿಯನ್ನು ಕೊಲ್ಲಲು ಅನುಮತಿ ಇದೆಯೆಂದು ಅರ್ಥವಲ್ಲ. ಬೆಳೆ ನಾಶಮಾಡುವ ಪ್ರಾಣಿಯನ್ನು ಕೊಲ್ಲಲು ಕಾಯ್ದೆಯ 11ನೆಯ ಕಲಮಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ಅದೂ ಎರಡನೆಯ ಅನುಸೂಚಿಯ ಪ್ರಾಣಿಗಳಿಗೆ ಮಾತ್ರ. ಆನೆ, ಕಾಟಿ, ನವಿಲುಗಳು ಮೊದಲನೆಯ ಅನುಸೂಚಿಯಲ್ಲಿವೆ. ಶಬ್ದಮಾಡಿ ಓಡಿಸುವ ಕೋವಿಗೂ ಮಾಂಸಕ್ಕಾಗಿ ಸಿಡಿಯುವ ಕೋವಿಗೂ ಇರುವ ಭೇದವನ್ನು ನಾವೇ ಮರೆತರೆ, ಇಲಾಖೆ ನೆನಪಿಟ್ಟುಕೊಳ್ಳಲೆಂದು ಬಯಸುವ ನೈತಿಕ ಹಕ್ಕು ನಮಗಿರದು.

ನೆರೆಯ ಎರಡು ಉದಾಹರಣೆಗಳನ್ನು ಗಮನಿಸಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿತು; 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ನಮಗೂ ಬೇಕೆಂದು ನಾವು ಕೇಳುತ್ತಿಲ್ಲ. ಆದರೆ ಒಂದು ಜನಸಮುದಾಯದ ಕೈಯಲ್ಲಿರುವ ಕೋವಿಯನ್ನು ಸರ್ಕಾರ ನಂಬಿಕೆಯಿಂದ ಕಾಣಬಲ್ಲದು ಎಂಬುದು ಅಲ್ಲಿ ತಿಳಿಯುತ್ತದೆ. ಕೇರಳವು 2022ರಲ್ಲಿ, ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಪರವಾನಗಿಯುಳ್ಳ ಕೋವಿಧಾರಿಗಳಿಂದ ಕೊಲ್ಲಿಸಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ನೀಡಿತು. ಆ ಮಾರ್ಗ ನಮ್ಮ ಕಾಡಂಚಿಗೆ ಒಗ್ಗುವುದೆ ಎಂಬುದು ಚರ್ಚೆಯಾಗಬೇಕಾದ ವಿಷಯ. ಬಹಿರಂಗವಾಗಿ, ದಾಖಲೆಯೊಡನೆ, ಊರಿಗೆ ಉತ್ತರ ಹೇಳಬೇಕಾದವರ ತೀರ್ಮಾನದಿಂದ ನಡೆಯುವ ಕ್ರಮವು ಕತ್ತಲೆಯಲ್ಲಿ ಕೇಳುವ ಈಡಿಗಿಂತ ಮೇಲೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದುದರಿಂದ ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಸರಳವಾಗಿವೆ. ಚುನಾವಣೆಯ ಕಾಲದಲ್ಲಿ ಕೋವಿ ಒಪ್ಪಿಸಬೇಕಾದವರು ಯಾರೆಂಬುದನ್ನು ಪರಿಶೀಲನಾ ಸಮಿತಿಯು ಒಬ್ಬೊಬ್ಬರ ಹಿನ್ನೆಲೆ ನೋಡಿ ನಿರ್ಧರಿಸಬೇಕೆಂಬುದು ಚುನಾವಣಾ ಆಯೋಗದ್ದೇ ಸೂಚನೆ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಗಲಭೆಯಲ್ಲಿ ಪಾಲ್ಗೊಂಡವರು ಅದರ ಗುರಿ. ಎಲ್ಲರಿಗೂ ಒಂದೇ ನೋಟೀಸು ಕಳುಹಿಸುವುದನ್ನು ಬಿಟ್ಟು ಆ ಸೂಚನೆಯನ್ನು ಪಾಲಿಸಲಿ. ಕೋವಿಯನ್ನು ತೆಗೆದಿರಿಸಿಕೊಂಡ ಅವಧಿಯಲ್ಲಿ ಆದ ಬೆಳೆಹಾನಿಗೆ ತಡಮಾಡದೆ ಪರಿಹಾರ ಕೊಡಲಿ. ಮುಂದೆ ಯಾವ ನಿರ್ಬಂಧ ತರುವುದಿದ್ದರೂ ಕರಡನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಲಿ.

ಕೋವಿಯಿರುವ ಬಂಧುಗಳಲ್ಲಿಯೂ ಒಂದು ಕೋರಿಕೆಯಿದೆ. ನಿಮ್ಮ ಊರಿನಲ್ಲಿ ಉರುಳಿಡುವವನು, ಸಿಡಿಮದ್ದು ಇಡುವವನು, ನಾಡಕೋವಿಯವನು ಯಾರೆಂಬುದು ನಿಮಗೆ ಗೊತ್ತು. ಆತನ ಹಂದಿಮಾಂಸದ ಪಾಲು ಮನೆಗೆ ಬಂದಾಗ ಮೌನವಾಗಿ ತೆಗೆದುಕೊಂಡು, ಮರುದಿನ ಪೊಲೀಸರು ತಮ್ಮನ್ನೇಕೆ ನಂಬುವುದಿಲ್ಲವೆಂದು ಕೇಳುವುದು ಸರಿಯೆ? ಗ್ರಾಮಸಭೆಯಲ್ಲಿ ಎದ್ದುನಿಂತು ಇದು ನಮ್ಮೂರಿನಲ್ಲಿ ಕೂಡದೆಂದು ಹೇಳುವವರು ಪರವಾನಗಿ ಉಳ್ಳವರೇ ಆಗಬೇಕು. ಅಂದು ನಿಮ್ಮ ಸಂಶಯಕ್ಕೆ ತೂಕ ಬರುತ್ತದೆ. ಆ ಸಭೆಯಲ್ಲಿ ನಮ್ಮ ಬಳಗ ನಿಮ್ಮ ಪಕ್ಕದಲ್ಲಿ ನಿಲ್ಲುತ್ತದೆ.